ಜರ್ಮನಿಯಲ್ಲಿ ನರ್ಸ್ ಆಗಲು: ಕರ್ನಾಟಕದಲ್ಲಿ ಓದಿದವರಿಗೆ ಭಾಷೆಯಿಂದ ಊರ್ಕುಂಡೆವರೆಗಿನ ದಾರಿ

ವೀಸಾ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಜರ್ಮನಿಯ ಕಾನೂನಿನ ಪ್ರಕಾರ ಆ ದಿನ ನೀವು ಇನ್ನೂ ನರ್ಸ್ ಅಲ್ಲ. ಅಲ್ಲಿ ನರ್ಸಿಂಗ್ ಪರವಾನಗಿ ಬೇಕಾದ ವೃತ್ತಿ. ಆ ಪರವಾನಗಿ ಪತ್ರಕ್ಕೆ ಊರ್ಕುಂಡೆ ಎನ್ನುತ್ತಾರೆ. ಅದು ಕೈಗೆ ಬರುವವರೆಗೆ ನೀವು ಸಹಾಯಕರು, ಸಂಬಳವೂ ಸಹಾಯಕರದ್ದೇ. ಈ ವ್ಯತ್ಯಾಸ ಸಣ್ಣದಲ್ಲ. 2025ರ ಜುಲೈ 1ರಂದು ಜಾರಿಗೆ ಬಂದ ದರದಲ್ಲಿ ವೃದ್ಧರ ಆರೈಕೆಯ ಕ್ಷೇತ್ರದ ಕನಿಷ್ಠ ವೇತನ ಸಹಾಯಕರಿಗೆ ಗಂಟೆಗೆ 16.10 ಯೂರೊ, ಪೂರ್ಣ ಅರ್ಹತೆಯ ನರ್ಸ್‌ಗೆ 20.50 ಯೂರೊ. ವಾರಕ್ಕೆ 39 ಗಂಟೆಯ ದುಡಿಮೆಗೆ ತಿಂಗಳಿಗೆ ಸುಮಾರು 740 ಯೂರೊ ಅಂತರ. ಊರ್ಕುಂಡೆ ತಡವಾದ ಪ್ರತಿ ತಿಂಗಳೂ ಅಷ್ಟು ಹಣ ಕೈತಪ್ಪುತ್ತದೆ. ಹಾಗಾಗಿ ಕೆಳಗಿನ ಒಂದೊಂದು ಹಂತವನ್ನೂ "ಬೇಗ ವಿಮಾನ ಹತ್ತುವುದು ಹೇಗೆ" ಎಂದಲ್ಲ, "ಬೇಗ ಊರ್ಕುಂಡೆ ಪಡೆಯುವುದು ಹೇಗೆ" ಎಂಬ ಪ್ರಶ್ನೆಯಿಂದ ನೋಡಿ. ಜರ್ಮನ್‌ನ ಒಂದಕ್ಷರವೂ ಗೊತ್ತಿಲ್ಲದೆ ಹೊರಡುವವರು ಒಟ್ಟು ಎರಡು ವರ್ಷ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಯಾರಿಗೆ ಈ ದಾರಿ

ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರಿಗೆ. ಎಎನ್‌ಎಂ ಮಾತ್ರ ಓದಿದವರಿಗೆ ಇದು ಹೊಂದುವುದಿಲ್ಲ. ಅವರು ಅಲ್ಲಿಯೇ ಮೂರು ವರ್ಷ ಸ್ಟೈಪೆಂಡ್ ಪಡೆಯುತ್ತಾ ಕಲಿಯುವ ಔಸ್‌ಬಿಲ್ಡುಂಗ್ ಕಡೆ ನೋಡಬೇಕು. ಬಿಎಸ್ಸಿ ಓದಿದವರಿಗೆ ಕೆಲವು ಏಜೆಂಟರು "ಮಾನ್ಯತೆಯ ಗೋಜು ಬೇಡ, ಔಸ್‌ಬಿಲ್ಡುಂಗ್‌ಗೆ ಹೋಗಿ" ಎನ್ನುವುದುಂಟು. ಮಾನ್ಯತೆ ಎಂದರೆ ನಿಮ್ಮ ಓದು ಅಲ್ಲಿನ ನರ್ಸಿಂಗ್ ತರಬೇತಿಗೆ ಸಮ ಎಂದು ಜರ್ಮನಿಯ ಕಚೇರಿ ಒಪ್ಪುವುದು. ಏಜೆಂಟರ ಆ ಮಾತು ಒಪ್ಪಬೇಡಿ. ಕಲಿತ ವಿದ್ಯೆಯನ್ನು ಮೂರು ವರ್ಷ ಮತ್ತೆ ಮೊದಲಿನಿಂದ ಕಲಿಯುವ ಅಗತ್ಯ ನಿಮಗಿಲ್ಲ.

ಮೊದಲು ಭಾಷೆ, ಅದೂ ಬಿ2 ತನಕ

ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಎಂದು ಏರುತ್ತಾ ಹೋಗುತ್ತವೆ. ವೀಸಾ ಹಂತಕ್ಕೆ ಸಾಮಾನ್ಯವಾಗಿ ಬಿ1 ಸಾಕು, ಊರ್ಕುಂಡೆಗೆ ಹೆಚ್ಚಿನ ರಾಜ್ಯಗಳಲ್ಲಿ ಬಿ2 ಬೇಕು. ಬಿ1 ಮುಗಿಸಿ ಹಾರಿ, ಬಿ2 ಅಲ್ಲಿ ಕಲಿಯೋಣ ಎಂದು ಬಹಳ ಜನ ಹೊರಡುತ್ತಾರೆ. ನಮ್ಮ ಖಚಿತ ಸಲಹೆ: ಬಿ2 ಇಲ್ಲಿಯೇ ಮುಗಿಸಿ. ಅಲ್ಲಿ ಮೂರು ಪಾಳಿಯ ಕೆಲಸ, ಹೊಸ ಮನೆ, ಚಳಿ, ಊರಿನವರ ಆಡುಭಾಷೆ. ಡ್ಯೂಟಿ ಮುಗಿಸಿ ಬಂದವರಿಗೆ ವ್ಯಾಕರಣದ ಪುಸ್ತಕ ಬಿಡಿಸುವ ಚೈತನ್ಯ ಉಳಿಯುವುದಿಲ್ಲ. ಊರ್ಕುಂಡೆ ತಡವಾಗಲು ಇದೇ ದೊಡ್ಡ ಕಾರಣ.

ಗೋಯ್ಥೆ ಸಂಸ್ಥೆ ಬಿ2 ಮಟ್ಟಕ್ಕೆ 45 ನಿಮಿಷದ 600ರಿಂದ 800 ಪಾಠಾವಧಿ ಬೇಕೆಂದು ಹೇಳುತ್ತದೆ. "ಆರು ತಿಂಗಳಲ್ಲಿ ಬಿ2 ಗ್ಯಾರಂಟಿ" ಎಂಬ ಬೋರ್ಡನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ದಿನಕ್ಕೆ ನಾಲ್ಕು ಪಾಠ, ವಾರಕ್ಕೆ ಐದು ದಿನ ಕಲಿತರೂ ತರಗತಿಗೇ 30ರಿಂದ 40 ವಾರ ಹೋಗುತ್ತದೆ, ಮನೆಯ ಓದು ಬೇರೆ. ಗೋಯ್ಥೆ ಸಂಸ್ಥೆಯದೇ ಆದ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪಾಠವೂ ಇದೆ, ಪರೀಕ್ಷೆಯೂ ನಡೆಯುತ್ತದೆ. ಗೋಯ್ಥೆ ಬಿ2 ಪರೀಕ್ಷೆಗೆ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿ ಭಾಗದಲ್ಲೂ 100ಕ್ಕೆ 60 ಬರಬೇಕು. ಒಂದು ಭಾಗ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು, ಪೂರ್ತಿ ಪರೀಕ್ಷೆಗೆ ಶುಲ್ಕ ಕಟ್ಟಬೇಕಿಲ್ಲ. ಟೆಲ್ಕ್ ಸಂಸ್ಥೆಗೆ ನರ್ಸ್‌ಗಳಿಗಾಗಿಯೇ ಬಿ1-ಬಿ2 ಫ್ಲೇಗೆ ಎಂಬ ಪರೀಕ್ಷೆ ಇದೆ. ವಾರ್ಡಿನ ಭಾಷೆ ಕಲಿಯಲು ಅದರ ಮಾದರಿ ಪ್ರಶ್ನೆಪತ್ರಿಕೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ನೀವು ಅರ್ಜಿ ಹಾಕುವ ರಾಜ್ಯ ಯಾವ ಸಂಸ್ಥೆಯ ಪ್ರಮಾಣಪತ್ರ ಒಪ್ಪುತ್ತದೆ ಎಂದು ತಿಳಿದುಕೊಂಡೇ ಪರೀಕ್ಷೆಗೆ ಹಣ ಕಟ್ಟಿ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಜರ್ಮನ್ ಪಾಠ ಇಂಗ್ಲಿಷ್ ಮೂಲಕ ನಡೆಯುವುದರಿಂದ ಕ್ರಿಯಾಪದ ವಾಕ್ಯದ ಕೊನೆಗೆ ಹೋದಾಗ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ವಿಭಕ್ತಿಯೂ ನಮಗೆ ಹೊಸದಲ್ಲ. "ನನಗೆ ಚಳಿ" ಎನ್ನಲು ಜರ್ಮನ್ನರು "ಮಿಯರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. ಇದರ "ಮಿಯರ್" ನಮ್ಮ "ನನಗೆ"ಯೇ. "ನನಗೆ ತಲೆ ಸುತ್ತುತ್ತಿದೆ" ಎನ್ನಲು "ಮಿಯರ್ ಇಸ್ಟ್ ಶ್ವಿಂಡ್‌ಲಿಷ್", "ನನಗೆ ವಾಕರಿಕೆ" ಎನ್ನಲು "ಮಿಯರ್ ಇಸ್ಟ್ ಯೂಬೆಲ್". ರೋಗಿ ದಿನವೂ ಹೇಳುವ ಮಾತುಗಳಿವು. ಇವನ್ನು ಇಂಗ್ಲಿಷಿಗೆ ತಿರುಗಿಸದೆ ನೇರ ಕನ್ನಡದಿಂದ ಕಲಿತರೆ ಚತುರ್ಥಿಯ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ದಾಖಲೆ: ಭಾಷೆಯ ಜೊತೆಜೊತೆಗೇ ಶುರು ಮಾಡಿ

ಎ2 ಮುಗಿಯುವ ಹೊತ್ತಿಗೆ ಕಾಗದದ ಕೆಲಸ ಶುರುವಾಗಿರಬೇಕು. ತಿಂಗಳುಗಟ್ಟಲೆ ಹಿಡಿಯುವುದು ಎರಡು ವಿಷಯ.

ಒಂದು, ಹೆಸರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ "ಸವಿತಾ ಕೆ", ಕಾಲೇಜಿನಲ್ಲಿ "ಕೆ ಸವಿತಾ", ಪಾಸ್‌ಪೋರ್ಟ್‌ನಲ್ಲಿ "ಸವಿತಾ ಕೃಷ್ಣಪ್ಪ", ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು. ಇನಿಷಿಯಲ್ ಎಂದರೇನು ಎಂಬುದು ಜರ್ಮನಿಯ ಅಧಿಕಾರಿಗೆ ತಿಳಿಯದು. ಅವರಿಗೆ ಇವರು ನಾಲ್ಕು ಬೇರೆ ಬೇರೆ ಜನ. ಪಾಸ್‌ಪೋರ್ಟನ್ನೇ ಮೂಲವಾಗಿಟ್ಟುಕೊಳ್ಳಿ. ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ಉಳಿದ ದಾಖಲೆಗಳನ್ನು ಅನುವಾದಕ್ಕೆ ಕೊಡುವ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಸರಿಪಡಿಸಿ. ಉಳಿದ ವ್ಯತ್ಯಾಸಗಳಿಗೆ "ಇವೆಲ್ಲ ಒಬ್ಬರದೇ ಹೆಸರು" ಎಂಬ ಅಫಿಡವಿಟ್ ಮಾಡಿಸಿ, ಅದನ್ನೂ ಅನುವಾದ ಮಾಡಿಸಿ. ಅನುವಾದ ಮುಗಿದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಅದೇ ಖರ್ಚು ಎರಡನೇ ಸಲ ಬರುತ್ತದೆ.

ಎರಡು, ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಗಂಟೆಗಳ ಪಟ್ಟಿ. ಮಾನ್ಯತೆ ಕೊಡುವ ಕಚೇರಿ ನೋಡುವುದು ಅಂಕವನ್ನಲ್ಲ, ಗಂಟೆಯನ್ನು. 2020ರ ಜನವರಿ 1ರಿಂದ ಜಾರಿಯಲ್ಲಿರುವ ಜರ್ಮನಿಯ ನರ್ಸಿಂಗ್ ಕಾನೂನಿನಡಿ ಅಲ್ಲಿನ ತರಬೇತಿಯಲ್ಲಿ ಪಾಠಕ್ಕೆ 2,100 ಗಂಟೆ, ಪ್ರಾಯೋಗಿಕ ಕೆಲಸಕ್ಕೆ 2,500 ಗಂಟೆ ಇದೆ. ನಿಮ್ಮ ಓದನ್ನು ಇದರ ಪಕ್ಕ ಇಟ್ಟು ಅಳೆಯುತ್ತಾರೆ. ಬರೀ ಮಾರ್ಕ್ಸ್ ಕಾರ್ಡ್ ಕಳಿಸಿದರೆ ಅಳೆಯಲು ಏನೂ ಇರುವುದಿಲ್ಲ, ಅರ್ಜಿ ಬಾಕಿ ಉಳಿಯುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಪ್ರತಿ ವರ್ಷದ ಪ್ರತಿ ವಿಷಯಕ್ಕೂ ಥಿಯರಿ ಗಂಟೆ ಬೇರೆ, ಕ್ಲಿನಿಕಲ್ ಗಂಟೆ ಬೇರೆ ಇರಲಿ. ಕ್ಲಿನಿಕಲ್ ಗಂಟೆಯನ್ನು ಮೆಡಿಕಲ್, ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂದು ಒಡೆದು ತೋರಿಸಿರಲಿ. ವೃದ್ಧರ ಆರೈಕೆಯಲ್ಲಿ ಅಥವಾ ಮನೆಮನೆ ಭೇಟಿಯಲ್ಲಿ ಕಳೆದ ಗಂಟೆಗಳಿದ್ದರೆ ಅವನ್ನು ಬೇರೆ ಸಾಲಿನಲ್ಲಿ ಕಾಣಿಸಿ ಎಂದು ಕಾಲೇಜನ್ನು ಕೇಳಿ. ನಮ್ಮ ಪಠ್ಯಕ್ರಮದಲ್ಲಿ ಕೊರತೆ ಎಂದು ಅಲ್ಲಿ ಬರೆಯುವುದು ಹೆಚ್ಚಾಗಿ ಇವೆರಡನ್ನೇ. ಬಿಎಸ್ಸಿಯವರು ಕಾಲೇಜು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮೂಲಕ, ಜಿಎನ್‌ಎಂನವರು ಕಾಲೇಜು ಮತ್ತು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಮೂಲಕ ಪಡೆಯಬೇಕು. ಕಾಲೇಜು ಮುಚ್ಚಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಕೆಲಸ ನಿಧಾನವಾಗುತ್ತದೆ, ಅಂಥವರು ಇದನ್ನೇ ಮೊದಲು ಕೈಗೆತ್ತಿಕೊಳ್ಳಿ.

ಉಳಿದವು: ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ಕೌನ್ಸಿಲ್ ನೋಂದಣಿ, ಜನನ ಪ್ರಮಾಣಪತ್ರ, ಮದುವೆಯಾಗಿದ್ದರೆ ವಿವಾಹ ನೋಂದಣಿ ಪತ್ರ, ದಿನಾಂಕ ಹಾಕಿ ಸಹಿ ಮಾಡಿದ ಲೇಬೆನ್ಸ್‌ಲೌಫ್, ಅಂದರೆ ಒಂದು ತಿಂಗಳ ಬಿಡುವನ್ನೂ ಮುಚ್ಚಿಡದ ಬಯೋಡೇಟಾ. ಅನುಭವ ಪತ್ರ "ನಡತೆ ಉತ್ತಮ" ಎಂಬ ಎರಡು ಸಾಲಿನದ್ದಾಗಿರಬಾರದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ವಾರ್ಡ್, ಎಷ್ಟು ಹಾಸಿಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂದು ಬರೆಸಿ. ಓದಿನಲ್ಲಿ ಕಂಡ ಕೊರತೆಯನ್ನು ಕೆಲಸದ ಅನುಭವದಿಂದ ತುಂಬಿಕೊಡಲು ಕಾನೂನಿನಲ್ಲಿ ಅವಕಾಶವಿದೆ. ವಿವರವಿಲ್ಲದ ಪತ್ರದಿಂದ ಆ ಲಾಭ ಸಿಗುವುದಿಲ್ಲ.

ಪೊಲೀಸ್ ಕ್ಲಿಯರೆನ್ಸ್ ಮತ್ತು ವೈದ್ಯಕೀಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಅನುವಾದ ಪ್ರಮಾಣೀಕೃತ ಅನುವಾದಕರದ್ದೇ ಆಗಿರಬೇಕು. ಭಾರತದ ಅನುವಾದಕರು ಸಾಕೋ, ಜರ್ಮನಿಯ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದವರೇ ಬೇಕೋ ಎಂಬುದು ಕಚೇರಿಯಿಂದ ಕಚೇರಿಗೆ ಬೇರೆ. ಅಪೊಸ್ಟಿಲ್ (ದಾಖಲೆ ಅಸಲಿ ಎಂಬ ಸರ್ಕಾರಿ ಮುದ್ರೆ), ನೋಟರಿ ಮುದ್ರೆಗಳ ವಿಷಯವೂ ಹಾಗೆಯೇ. ಕೇಳದೆ ಎಲ್ಲಕ್ಕೂ ಮುದ್ರೆ ಹೊಡೆಸಿ ಹಣ ಕಳೆಯಬೇಡಿ.

ಕೆಲಸ, ಒಪ್ಪಂದ, ಏಜೆಂಟ್

ಬಿ1 ಕೈಗೆ ಬಂದಾಗಿನಿಂದ ಸಂದರ್ಶನಗಳು ಸಿಗಲು ಶುರುವಾಗುತ್ತವೆ. ಜರ್ಮನಿ ನಮ್ಮ ಸರ್ಕಾರದ ಇಸಿಆರ್ (ಕೆಲಸಕ್ಕೆ ಹೋಗುವ ಮುನ್ನ ವಲಸೆ ತಪಾಸಣೆ ಬೇಕಾದ) ದೇಶಗಳ ಪಟ್ಟಿಯಲ್ಲಿಲ್ಲ. ಕೊಲ್ಲಿ ದೇಶಗಳಿಗೆ ಹೋಗುವ ನರ್ಸ್‌ಗಳ ನೇಮಕ ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳ ಮೂಲಕವೇ ಆಗಬೇಕೆಂಬ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಆ ಕಾವಲು ಇಲ್ಲದಿರುವುದರಿಂದಲೇ ನೀವು ಹೆಚ್ಚು ಎಚ್ಚರವಾಗಿರಬೇಕು. ಏಜೆನ್ಸಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತವಾಗಿದೆಯೇ ನೋಡಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಅಸಲಿ ಪ್ರಮಾಣಪತ್ರಗಳನ್ನು ಯಾವ ಏಜೆಂಟರ ಬಳಿಯೂ ಬಿಡಬೇಡಿ, "ಫೈಲ್‌ಗೆ ಬೇಕು" ಎಂದರೂ ಬಿಡಬೇಡಿ. ನೇಮಕದ ವೆಚ್ಚವನ್ನು ನರ್ಸ್‌ನಿಂದ ಪಡೆಯದೆ ಉದ್ಯೋಗದಾತರೇ ಭರಿಸುವ ಸಂಸ್ಥೆಗಳಿಗೆ ಜರ್ಮನ್ ಸರ್ಕಾರ "ಫೇರ್ ಅನ್ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್" ಎಂಬ ಗುಣಮುದ್ರೆ ಕೊಡುತ್ತದೆ. ಈ ಮುದ್ರೆಯುಳ್ಳವರನ್ನೇ ಮೊದಲು ಹುಡುಕಿ.

ಒಪ್ಪಂದದಲ್ಲಿ ಐದು ಸಂಗತಿಗಳನ್ನು ಬೆರಳಿಟ್ಟು ಓದಿ. ಊರ್ಕುಂಡೆಗೆ ಮೊದಲು ಸಂಬಳ ಎಷ್ಟು, ಬಂದ ಮೇಲೆ ಎಷ್ಟು, ಯಾವ ದಿನದಿಂದ ಬದಲಾಗುತ್ತದೆ. ವಾರಕ್ಕೆ ಎಷ್ಟು ಗಂಟೆ, ಸಾಮಾನ್ಯವಾಗಿ 38.5ರಿಂದ 40. ರಜೆ ಎಷ್ಟು, ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಕನಿಷ್ಠ 20 ದಿನ, ಕಾರ್ಮಿಕ ಸಂಘಗಳ ಜೊತೆಗಿನ ಟ್ಯಾರಿಫ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಮಾನ್ಯತೆಯ ತರಬೇತಿಯ ಸಮಯ ಕೆಲಸದ ಸಮಯವೆಂದು ಲೆಕ್ಕವಾಗುತ್ತದೆಯೇ. ಕೊನೆಯದು, ಮರುಪಾವತಿ ಷರತ್ತು: ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಸಾವಿರ ಯೂರೊ ಕಟ್ಟಬೇಕು ಎಂಬುದು. ನೀವು ದುಡಿದ ತಿಂಗಳುಗಳಿಗೆ ತಕ್ಕಂತೆ ಆ ಮೊತ್ತ ಇಳಿಯುತ್ತಾ ಹೋಗುವಂತಿಲ್ಲದಿದ್ದರೆ ಸಹಿ ಹಾಕುವ ಮೊದಲು ಪ್ರಶ್ನಿಸಿ.

ಒಪ್ಪಂದದಲ್ಲಿರುವ ಸಂಬಳ ಬ್ರುಟ್ಟೊ, ಕೈಗೆ ಬರುವುದು ನೆಟ್ಟೊ. ಒಂಟಿಯಾಗಿರುವವರಿಗೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಕಳೆದು ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಮನೆ ಬಾಡಿಗೆಯಲ್ಲೂ ಕಾಲ್ಟ್, ವಾರ್ಮ್ ಎಂದು ಎರಡು. ಹೀಟಿಂಗ್, ನೀರು ಸೇರಿದ್ದು ವಾರ್ಮ್. ಮುಂಗಡ ಗರಿಷ್ಠ ಮೂರು ತಿಂಗಳ ಕಾಲ್ಟ್ ಬಾಡಿಗೆ. ಊರಿಗೆ ಎಷ್ಟು ಕಳಿಸಬಹುದು ಎಂಬ ಲೆಕ್ಕವನ್ನು ಈ ಎರಡನ್ನು ಕಳೆದ ಮೇಲೆ ಹಾಕಿ, ಸಾಲ ಮಾಡುವ ಮೊದಲೇ ಹಾಕಿ.

ಮಾನ್ಯತೆಯ ಅರ್ಜಿ

ಇಡೀ ದೇಶಕ್ಕೆ ಒಂದೇ ಕೌನ್ಸಿಲ್ ಅಲ್ಲಿಲ್ಲ. ಕೆಲಸ ಸಿಕ್ಕ ರಾಜ್ಯದ ಕಚೇರಿಯೇ ನಿಮ್ಮ ಕಚೇರಿ. ನಾರ್ಡ್‌ರೈನ್-ವೆಸ್ಟ್‌ಫಾಲೆನ್ ಆದರೆ ಮ್ಯೂನ್‌ಸ್ಟರ್‌ನ ಜಿಲ್ಲಾಡಳಿತ, ಬವೇರಿಯಾ ಆದರೆ ಲಾಂಡೆಸ್‌ಆಮ್ಟ್ ಫ್ಯೂರ್ ಫ್ಲೇಗೆ ಎಂಬ ಆರೈಕೆ ಕಚೇರಿ. ಯಾವ ಕಚೇರಿ, ಯಾವ ದಾಖಲೆ ಎಂದು "ಅನರ್ಕೆನ್ನುಂಗ್ ಇನ್ ಡಾಯ್ಚ್‌ಲಾಂಡ್" ಸರ್ಕಾರಿ ಜಾಲತಾಣ ತೋರಿಸುತ್ತದೆ. ವಿದೇಶದಲ್ಲಿರುವ ಅಭ್ಯರ್ಥಿಗಳಿಗೆ ಉಚಿತ ಸಲಹೆ ಕೊಡಲು ಜೆಡ್‌ಎಸ್‌ಬಿಎ ಎಂಬ ಸರ್ಕಾರಿ ಕೇಂದ್ರವೂ ಇದೆ. ಏಜೆಂಟರು ಹಣ ಪಡೆದು ಹೇಳುವ ಬಹಳಷ್ಟನ್ನು ಅಲ್ಲಿ ಬಿಟ್ಟಿಯಾಗಿ ಹೇಳುತ್ತಾರೆ.

ಉದ್ಯೋಗದಾತರು ಮನಸ್ಸು ಮಾಡಿದರೆ ತ್ವರಿತ ಮಾರ್ಗವಿದೆ. ನಿಮ್ಮಿಂದ ಅಧಿಕಾರಪತ್ರ ಪಡೆದು ಅವರ ಊರಿನ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ಅರ್ಜಿ ಹಾಕುತ್ತಾರೆ. ಈ ದಾರಿಯಲ್ಲಿ ದಾಖಲೆ ಪೂರ್ಣವಾದ ಮೇಲೆ ಮಾನ್ಯತೆಯ ನಿರ್ಧಾರ ಎರಡು ತಿಂಗಳಲ್ಲಿ ಬರಬೇಕು, ವೀಸಾ ಅಪಾಯಿಂಟ್‌ಮೆಂಟ್ ಮೂರು ವಾರದೊಳಗೆ ಸಿಗಬೇಕು. "ದಾಖಲೆ ಪೂರ್ಣವಾದ ಮೇಲೆ" ಎಂಬುದನ್ನು ಮರೆಯಬೇಡಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗಂಟೆ ಇಲ್ಲದಿದ್ದರೆ ಆ ಎರಡು ತಿಂಗಳು ಶುರುವಾಗುವುದೇ ಇಲ್ಲ.

ಉತ್ತರವಾಗಿ ಹೆಚ್ಚಿನ ಭಾರತೀಯ ನರ್ಸ್‌ಗಳಿಗೆ ಡೆಫಿಟ್ಸಿಟ್‌ಬೆಷೈಡ್ ಬರುತ್ತದೆ. ಇದು ತಿರಸ್ಕಾರವಲ್ಲ. ನಿಮ್ಮ ಓದಿಗೂ ಅಲ್ಲಿನದಕ್ಕೂ ಇರುವ ವ್ಯತ್ಯಾಸ ಇಷ್ಟು, ಇದನ್ನು ತುಂಬಿಕೊಳ್ಳಿ ಎಂಬ ಪತ್ರ. ತುಂಬಿಕೊಳ್ಳಲು ಎರಡು ದಾರಿ, ಆಯ್ಕೆ ನಿಮ್ಮದು. ಒಂದು, ಕೊರತೆಯ ವಿಭಾಗಗಳಲ್ಲಿ ಕಲಿಯುತ್ತಾ ಕೆಲಸ ಮಾಡಿ ಕೊನೆಯಲ್ಲಿ ಒಂದು ಸಂಭಾಷಣೆಯೊಂದಿಗೆ ಮುಗಿಯುವ ಆನ್‌ಪಾಸುಂಗ್ಸ್‌ಲೇರ್‌ಗಾಂಗ್. ಇನ್ನೊಂದು, ಕೆಂಟ್ನಿಸ್‌ಪ್ರ್ಯೂಫುಂಗ್ ಎಂಬ ಪರೀಕ್ಷೆ. ಪತ್ರದಲ್ಲಿ ಕೊರತೆಯ ಗಂಟೆ ಕಡಿಮೆಯಿದ್ದರೆ ಮೊದಲನೆಯದು ಒಳ್ಳೆಯದು, ಸೋಲುವ ಭಯ ಕಡಿಮೆ. ಗಂಟೆ ಬಹಳವಿದ್ದು ಬಿ2 ಗಟ್ಟಿಯಿದ್ದರೆ ಪರೀಕ್ಷೆಯೇ ವೇಗದ ದಾರಿ. 2024ರಿಂದ ಈ ಹೋಲಿಕೆಯೇ ಬೇಡವೆಂದು ಬರೆದುಕೊಟ್ಟು ನೇರವಾಗಿ ಪರೀಕ್ಷೆಗೆ ಅಥವಾ ತರಬೇತಿಗೆ ಹೋಗಲೂ ಅವಕಾಶವಿದೆ. ಕಾಲೇಜಿನಿಂದ ಗಂಟೆಗಳ ವಿವರ ಪಡೆಯಲು ಸಾಧ್ಯವೇ ಆಗದವರಿಗೆ ಇದು ದೊಡ್ಡ ಸಹಾಯ.

ವೀಸಾ

ಕರ್ನಾಟಕ ಮತ್ತು ಕೇರಳದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಡೆಫಿಟ್ಸಿಟ್‌ಬೆಷೈಡ್ ಇಟ್ಟುಕೊಂಡು ಹೋಗುವವರು ಜರ್ಮನಿಯ ವಾಸ ಕಾಯ್ದೆಯ 16ಡಿ ಕಲಮಿನಡಿ ಅರ್ಜಿ ಹಾಕುತ್ತಾರೆ, ಶುಲ್ಕ 75 ಯೂರೊ. 2024ರ ಮಾರ್ಚ್ 1ರಿಂದ ಅದೇ ಕಲಮಿನಲ್ಲಿ "ಮಾನ್ಯತಾ ಪಾಲುದಾರಿಕೆ" ಎಂಬ ಹೊಸ ದಾರಿಯೂ ಇದೆ. ಎ2 ಭಾಷೆ ಮತ್ತು ಕೆಲಸದ ಒಪ್ಪಂದ ಇದ್ದರೆ ಮೊದಲು ಹೋಗಿ, ಮಾನ್ಯತೆಯ ಅರ್ಜಿಯನ್ನು ಅಲ್ಲಿಂದಲೇ ಹಾಕುವುದು. ಕೇಳಲು ಸುಲಭ. ಆದರೆ ಎ2 ಜರ್ಮನ್‌ನಲ್ಲಿ ರೋಗಿಯ ನೋವು ಅರ್ಥವಾಗುವುದಿಲ್ಲ, ಸಹಾಯಕರ ಸಂಬಳದಲ್ಲಿ ಕಳೆಯುವ ಕಾಲವೂ ಉದ್ದವಾಗುತ್ತದೆ. ಬೇರೆ ದಾರಿ ಇರುವವರಿಗೆ ನಾವು ಇದನ್ನು ಹೇಳುವುದಿಲ್ಲ.

ಅರ್ಜಿ ಸಿಕ್ಕಿಬೀಳುವ ಕಾರಣಗಳು ಹೆಚ್ಚಾಗಿ ಇವು: ಬೆಷೈಡ್ ಒಂದು ರಾಜ್ಯದ್ದು, ಒಪ್ಪಂದ ಇನ್ನೊಂದು ರಾಜ್ಯದ್ದು, ತರಬೇತಿಯ ಯೋಜನಾಪತ್ರದಲ್ಲಿ ಆರಂಭದ ದಿನಾಂಕ ಇಲ್ಲ ಅಥವಾ ಅದು ದಾಟಿಹೋಗಿದೆ, ಉದ್ಯೋಗದಾತರು ತುಂಬಬೇಕಾದ ಉದ್ಯೋಗ ವಿವರದ ನಮೂನೆಗೂ ಒಪ್ಪಂದಕ್ಕೂ ಸಂಬಳ ತಾಳೆಯಾಗುವುದಿಲ್ಲ. ಸಲ್ಲಿಸುವ ಹಿಂದಿನ ರಾತ್ರಿ ಈ ನಾಲ್ಕು ಕಾಗದಗಳನ್ನು ಅಕ್ಕಪಕ್ಕ ಹರವಿ ಹೆಸರು, ದಿನಾಂಕ, ಊರು, ಮೊತ್ತ ಹೋಲಿಸಿ ನೋಡಿ. 45 ದಾಟಿದವರಿಗೆ ಸಂಬಳ ಅಥವಾ ಪಿಂಚಣಿಯ ಬಗ್ಗೆ ಹೆಚ್ಚಿನ ಷರತ್ತಿದೆ, ಅದನ್ನು ಉದ್ಯೋಗದಾತರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಹೊರಡುವ ಮೊದಲು ಒಂದು ಚುಚ್ಚುಮದ್ದಿನ ಕೆಲಸ ಮುಗಿಸಿ. 1970ರ ನಂತರ ಹುಟ್ಟಿದವರು ಅಲ್ಲಿನ ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡಲು ದಡಾರದ ಎರಡು ಡೋಸ್ ಪಡೆದ ದಾಖಲೆ ಅಥವಾ ರೋಗನಿರೋಧಕ ಶಕ್ತಿಯ ಪುರಾವೆ ತೋರಿಸಬೇಕು. ಬಾಲ್ಯದ ಲಸಿಕೆ ಕಾರ್ಡ್ ಕಳೆದಿದ್ದರೆ ಇಲ್ಲಿಯೇ ಹಾಕಿಸಿಕೊಂಡು ಬ್ಯಾಚ್ ಸಂಖ್ಯೆ ಸಮೇತ ಬರೆಸಿಕೊಳ್ಳಿ. ಇದಿಲ್ಲದೆ ಮೊದಲ ದಿನವೇ ವಾರ್ಡಿಗೆ ಬಿಡುವುದಿಲ್ಲ.

ಅಲ್ಲಿಗೆ ಹೋದ ಮೇಲೆ

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಬರುವುದಿಲ್ಲ. ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಅದೇ ವಾರದಲ್ಲಿ. ವೀಸಾ ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸ ಕಾರ್ಡ್‌ಗೆ ಅರ್ಜಿ.

ಕೆಲಸದಲ್ಲಿ ನಮ್ಮವರನ್ನು ತಬ್ಬಿಬ್ಬು ಮಾಡುವುದು ಗ್ರುಂಡ್‌ಫ್ಲೇಗೆ. ರೋಗಿಗೆ ಸ್ನಾನ, ಊಟ, ಬಟ್ಟೆ, ಶೌಚ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು. ಇಲ್ಲಿ ಇವನ್ನು ಆಯಾ ಅಥವಾ ಮನೆಯವರು ಮಾಡುತ್ತಾರೆ, ಅಲ್ಲಿ ನರ್ಸ್ ಮಾಡುತ್ತಾರೆ. ಇಲ್ಲಿ ನಾವು ಸಲೀಸಾಗಿ ಹಾಕುವ ಕ್ಯಾನುಲಾ ಅಲ್ಲಿ ಅನೇಕ ಕಡೆ ವೈದ್ಯರ ಕೆಲಸ. ಇದನ್ನು ಅವಮಾನವೆಂದುಕೊಂಡವರು ಆರು ತಿಂಗಳಲ್ಲಿ ಕುಗ್ಗಿಹೋಗುತ್ತಾರೆ. ಸ್ನಾನ ಮಾಡಿಸುವಾಗಲೇ ಅಲ್ಲಿನ ನರ್ಸ್ ಚರ್ಮದ ಬಣ್ಣ, ಬೆನ್ನಿನ ಒತ್ತಡದ ಗಾಯ, ಕೈಕಾಲಿನ ಶಕ್ತಿ, ರೋಗಿಯ ಮನಸ್ಥಿತಿ ಎಲ್ಲವನ್ನೂ ಅಳೆದು ದಾಖಲಿಸುತ್ತಾರೆ. ಪರೀಕ್ಷೆಯಲ್ಲಿ ನೋಡುವುದೂ ಅದನ್ನೇ.

ಕೆಂಟ್ನಿಸ್‌ಪ್ರ್ಯೂಫುಂಗ್‌ನ ಮೌಖಿಕ ಭಾಗ 45ರಿಂದ 60 ನಿಮಿಷ. ಪ್ರಾಯೋಗಿಕ ಭಾಗದಲ್ಲಿ ಎರಡರಿಂದ ನಾಲ್ಕು ಆರೈಕೆ ಸಂದರ್ಭಗಳು, ಸಾಮಾನ್ಯವಾಗಿ ನಿಜವಾದ ರೋಗಿಗಳ ಜೊತೆ. ಸೋತ ಭಾಗವನ್ನು ಒಮ್ಮೆ ಮಾತ್ರ ಮತ್ತೆ ಮಾಡಬಹುದು. ಔಷಧ ಶಾಸ್ತ್ರ ಗೊತ್ತಿಲ್ಲದೆ ಸೋಲುವವರು ಕಡಿಮೆ. ಆರೈಕೆ ಯೋಜನೆಯನ್ನು ಬರೆದು, ಏಕೆ ಹೀಗೆ ಮಾಡಿದೆ ಎಂದು ಜರ್ಮನ್‌ನಲ್ಲಿ ವಿವರಿಸಲಾಗದೆ, ರೋಗಿಯನ್ನು ಮುಟ್ಟುವ ಮೊದಲು ಅನುಮತಿ ಕೇಳದೆ, ಕೈ ಸ್ವಚ್ಛತೆಯ ಒಂದು ಹಂತ ಬಿಟ್ಟು ಅಂಕ ಕಳೆದುಕೊಳ್ಳುವವರೇ ಹೆಚ್ಚು. ಪ್ರತಿ ಪಾಳಿಯ ಯೂಬರ್‌ಗಾಬೆಯಲ್ಲಿ, ಅಂದರೆ ಹ್ಯಾಂಡೋವರ್‌ನಲ್ಲಿ, ಮೊದಲ ತಿಂಗಳಿನಿಂದಲೇ ಕನಿಷ್ಠ ಒಬ್ಬ ರೋಗಿಯ ವರದಿಯನ್ನು ನೀವೇ ಒಪ್ಪಿಸಿ. ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಪರೀಕ್ಷೆಯ ಫಲಿತಾಂಶ, ಬಿ2, ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ಪತ್ರ ಸೇರಿಸಿ ಕೊಟ್ಟರೆ ಊರ್ಕುಂಡೆ ಬರುತ್ತದೆ. ಅದರ ಪ್ರತಿಯನ್ನು ಅಂದೇ ಸಂಬಳ ವಿಭಾಗಕ್ಕೆ ಕೊಟ್ಟು ತಲುಪಿದ್ದಕ್ಕೆ ಸಹಿ ಪಡೆಯಿರಿ. ಹಾಗೆಯೇ ವಿದೇಶಿಯರ ಕಚೇರಿಗೆ ಹೋಗಿ 16ಡಿ ಕಾರ್ಡನ್ನು ಕುಶಲ ಉದ್ಯೋಗಿಯ 18ಎ ಕಾರ್ಡಿಗೆ ಬದಲಿಸಿಕೊಳ್ಳಿ. ಕುಶಲ ಉದ್ಯೋಗಿಗಳಿಗೆ ಶಾಶ್ವತ ವಾಸ ಪರವಾನಗಿ ಕೇಳಲು ಮೂರು ವರ್ಷ ಈ ಕಾರ್ಡ್ ಇರಬೇಕು, 36 ತಿಂಗಳ ಪಿಂಚಣಿ ಕಂತು ಕಟ್ಟಿರಬೇಕು. ಆ ಮೂರು ವರ್ಷದ ಎಣಿಕೆ ಶುರುವಾಗುವುದು ಜರ್ಮನಿಗೆ ಬಂದಿಳಿದ ದಿನದಿಂದಲ್ಲ, 18ಎ ಕಾರ್ಡ್ ಸಿಕ್ಕ ದಿನದಿಂದ.